ಮೂವತ್ತೊಂದನೆಯ ಪುಟ

ಗುಟ್ಟಹಳ್ಳಿಯ ಹಳೇ ಪುಸ್ತಕದಂಗಡಿ.
ಶಟರು ತುಕ್ಕು ಹಿಡಿದು ಅರ್ಧಕ್ಕೇ ನಿಂತಿದೆ,
ಬಂದವರೆಲ್ಲ ತಲೆ ತಗ್ಗಿಸಿಯೇ ಒಳಗೆ.
ನಾಲ್ಕನೆಯ ಸಂಚಿಕೆ, ಕೊನೆಯದು, ಇವತ್ತು ಬಂದಿದೆ.
ಕಟ್ಟಿನ ಹುರಿ ಬಿಚ್ಚುವ ಮೊದಲೇ
ಜಗಳ ಬಿಚ್ಚಿಕೊಂಡಿದೆ.

"ಸಿಡಿಲಯ್ಯನ ಕೈಗೆ ಗ್ಲೌಸ್ ಯಾಕ್ರೀ ಹಾಕಿದ್ರು?"
ಪೀಣ್ಯದಲ್ಲಿ ಲೇತ್ ತಿರುಗಿಸುವ ಅಬ್ಬಯ್ಯ.
"ಬರಿಗೈಲಿ ಸಿಡಿಲು ಹಿಡಿದೋನು ಅವನು.
ಗ್ಲೌಸ್ ಹಾಕೋದು ನಾವು,
ಅದೂ ಇನ್‌ಸ್ಪೆಕ್ಟ್ರು ಬಂದ ದಿನ."

ತಬಸ್ಸುಮ್, ಡಿಪ್ಲೊಮಾ ಎರಡನೇ ವರ್ಷ,
ಪುಟದಿಂದ ಕಣ್ಣೆತ್ತದೆ:
"ಇರುಳಿ ಈ ಸಲ ಮಾತಾಡ್ತಾಳೆ ಅಂಕಲ್.
ಹಳೇದರಲ್ಲಿ ಅವಳ ಮಾತಿನ ಗುಳ್ಳೆ ಎಷ್ಟು, ಎಣಿಸಿದೀರಾ?
ಹನ್ನೊಂದು.
ಅದರಲ್ಲಿ ನಾಲ್ಕು 'ಅಯ್ಯೋ'."

ಯಾರೂ ಎಣಿಸಿರಲಿಲ್ಲ.
ಸ್ವಲ್ಪ ಹೊತ್ತು ಫ್ಯಾನೊಂದೇ ಮಾತಾಡಿತು.

ಆಮೇಲೆ ಮತ್ತೆ ಶುರು. ಬಣ್ಣ ಜಾಸ್ತಿಯಾಯ್ತು.
ಕಾಗದ ನುಣುಪು, ಮೂಸಿದರೆ ವಾಸನೆಯೇ ಇಲ್ಲ.
ಇಬ್ಬರೂ ಮೊದಲು ಹೊಡೆದಾಡುವ ಹದಿನೆಂಟು ಪುಟ
ಆರಕ್ಕಿಳಿದಿದೆ. ಅಷ್ಟು ಬೇಗ ರಾಜಿಯಾದರೆ ಅದೆಂಥ ಭೇಟಿ?
ಬೇರೆ ಬೇರೆ ಕಂಪನಿಯ ವೀರರು,
ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಟ್ಟ ಮೇಲೆ
ವಠಾರಕ್ಕೆ ಹೊಸದಾಗಿ ಬಂದವರ ಹಾಗೆ
ನಲ್ಲಿ ನೀರಿನ ಸರದಿಗಾದರೂ
ಒಂದು ವಾರ ಕಿತ್ತಾಡಬೇಡವೆ?

ನಾನು ಮೂಲೆಯ ಸ್ಟೂಲಿನಲ್ಲಿ.
ನನ್ನದು ಒಂದೇ ಪ್ರಶ್ನೆ, ಈ ವಯಸ್ಸಲ್ಲಿ ಕೇಳಲು ನಾಚಿಕೆ:
ಮೂವತ್ತೊಂದನೆಯ ಪುಟದಲ್ಲಿ ಏನಾಗುತ್ತೆ?

ಶ್ರೀರಾಮಪುರ, ಎಂಬತ್ತೇಳರ ಬೇಸಿಗೆ.
ರುದ್ರಮೂರ್ತಿಯವರ ಬಾಡಿಗೆ ಲೈಬ್ರರಿ, ದಿನಕ್ಕೆ ನಾಲ್ಕಾಣೆ,
ಈ ಪುಸ್ತಕಕ್ಕೆ ಮಾತ್ರ ಇಪ್ಪತ್ತು ಪೈಸೆ,
ಕೊನೇ ಹಾಳೆ ಯಾರೋ ಹರಿದಿದ್ದರಿಂದ.
ಮೂವತ್ತರಲ್ಲಿ ಕೆರೆ ಕಟ್ಟೆ ಒಡೆದಿದೆ.
ಮೇಲಿನಿಂದ ಅವನ ಕೈ, ಕೆಳಗಿನಿಂದ ಅವಳದು,
ನಡುವೆ ಉಗುರಿನಷ್ಟು ಬಿಳಿ.
ಅಷ್ಟೇ. ಆಮೇಲೆ ರಟ್ಟು.

ಹಿಡಿದ, ಅಂದೆ ನಾನು.
ಅವಳೇ ಕೈ ಬಿಟ್ಟಳು, ಅಂದ ಏಳುಮಲೈ,
ಅವಳಿಗೆ ಈಜು ಬರುತ್ತೆ ಕಣೋ, ಅವನಿಗೆ ಬರಲ್ಲ.
ಹದಿನೇಳು ದಿನ ಟೂ ಬಿಟ್ಟೆವು.
ಹದಿನೆಂಟನೆಯ ದಿನ ಅವರಪ್ಪನ ಮಿಲ್ಲಿನಿಂದ
ಒಂದು ದಪ್ಪ ಹಾಳೆ ತಂದ.
ಗೆರೆ ಅವನದು, ಗುಳ್ಳೆಯೊಳಗಿನ ಅಕ್ಷರ ನನ್ನದು:
ಇಬ್ಬರೂ ನೀರಿನಲ್ಲಿ, ಲಾರಿ ಟ್ಯೂಬಿನ ಮೇಲೆ ಕೂತು
ಕಡಲೆಕಾಯಿ ತಿನ್ನುತ್ತಿದ್ದಾರೆ.
ಮೈದಾ ಗೋಂದಲ್ಲಿ ಅಂಟಿಸಿ ವಾಪಸು ಕೊಟ್ಟೆವು.
ಮಾರನೆಯ ದಿನವೇ ರುದ್ರಮೂರ್ತಿಯವರು
ಐದು ಪೈಸೆ ಏರಿಸಿದರು.

ತಬಸ್ಸುಮ್ ಈಗ ಹೊಸದರ ಕೊನೇ ಪುಟ
ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಾಳೆ:
ಗುಡ್ಡದ ಹಿಂದೆ ಸೂರ್ಯ, ಕೈಕುಲುಕು.

ಬಾಗಿಲ ಬಳಿ ಇಷ್ಟು ಹೊತ್ತೂ ತುಟಿ ಬಿಚ್ಚದ ಒಬ್ಬರು,
ವಾಕಿಂಗ್ ಶೂಸು, ಕಂಕುಳಲ್ಲಿ ದಂಟಿನ ಸೊಪ್ಪು,
"ಕೆಡಿಸಿಬಿಟ್ರು!" ಅಂದರು.
"ಮೂಲದಲ್ಲಿ ಹೀಗಿಲ್ಲ ಸ್ವಾಮೀ.
ಮೂಲದಲ್ಲಿ ಟ್ಯೂಬಿನ ಮೇಲೆ ಕೂತು
ಕಡಲೆಕಾಯಿ ತಿಂತಾರೆ."

ಅಂಗಡಿಗೆ ಅಂಗಡಿಯೇ ನಕ್ಕಿತು,
ಅಬ್ಬಯ್ಯ ಕೆಮ್ಮು ಬರುವವರೆಗೆ.
ಅವರು ಸೊಪ್ಪಿನ ಕಟ್ಟು ಎದೆಗವಚಿಕೊಂಡು,
"ಕಣ್ಣಾರೆ ಓದಿದೀನ್ರೀ. ಬಿಡಿಸಿ ಕೊಡು ಅಂತಾನೆ ಅವನು.
ನೀನೇ ಬಿಡಿಸ್ಕೋ ಅಂತಾಳೆ ಇರುಳಿ."

ಆ 'ಬಿಡಿಸ್ಕೋ'ದಲ್ಲಿ ಒತ್ತು ಬಿಟ್ಟುಹೋಗಿತ್ತು.
ಏಳುಮಲೈ ತಲೆಗೊಂದು ಮೊಟಕಿ ತಿದ್ದಿಸಿದ್ದ.
ಅವನ ನಂಬರು ಯಾರ ಬಳಿ ಇದೆಯೋ.

"ಹೌದು," ಅಂದೆ. ಸ್ಟೂಲು ಬಿಟ್ಟು ಎದ್ದೇ ಅಂದೆ.
"ನಾನೂ ಓದಿದೀನಿ."

ನಗು ನಿಂತಿತು.
ಸೊಪ್ಪಿನವರು ನನ್ನನ್ನು ನೋಡಿದ ನೋಟವಿದೆಯಲ್ಲ,
ಅದಕ್ಕೆ ಬಾಡಿಗೆ ಎಷ್ಟಿಟ್ಟರೂ ಕಡಿಮೆಯೇ.

ತಬಸ್ಸುಮ್ ಚೀಲದಿಂದ ಪೆನ್ಸಿಲ್ ತೆಗೆದಳು.
ನೋಟ್‌ಬುಕ್ಕಿನಲ್ಲಿ ಏನೋ ಹುಡುಕಿ,
ಹನ್ನೊಂದನ್ನು ಹೊಡೆದುಹಾಕಿ
ಹನ್ನೆರಡು ಎಂದು ಬರೆದುಕೊಂಡಳು.