ಏಳನೇ ಕೋಣೆಯ ಲೆಕ್ಕ

ಅಜ್ಜಿ ತೊಕುವಿನ ಲೆಕ್ಕದ ಪುಸ್ತಕ. ಮೊದಲ ಪುಟಗಳನ್ನು
ತಿಂದದ್ದು ಗೆದ್ದಲಲ್ಲ, ನನ್ನ ಅಪ್ಪ:
ಗಾಳಿಪಟಕ್ಕೆ ಕಾಗದ ಬೇಕಿತ್ತಂತೆ.

ವಿಹಾರಕ್ಕೆ ಕರೆತಂದ ಹುಚ್ಚರಿಗೆ ನಮ್ಮ ಮನೆಯೇ ಛತ್ರ.
ಉಳಿದ ಪುಟಗಳಲ್ಲಿ ಇದ್ದಾರೆ:
ಒಸಾಕಾದ ಅಕ್ಕಿ ವ್ಯಾಪಾರಿಯ ಎರಡನೇ ಮಗಳು, ನಗು ನಿಲ್ಲದು.
ಒಬ್ಬ ಸಿಪಾಯಿ, ಹಾಸಿಗೆ ಇಡುವ ಕಪಾಟಿನೊಳಗೇ ನಿದ್ದೆ.
ಏಳನೇ ಕೋಣೆ: ಕನ್‌ಸುಕೆ, ವಯಸ್ಸು ಇಪ್ಪತ್ತೆರಡು,
ದಿನಕ್ಕೆ ಅಕ್ಕಿ ಮೂರು ಪಾವು, ಇದ್ದಿಲಿನ ಕಾಸು ಬೇರೆ.
ಕಾಯಿಲೆ ಏನೆಂದು ಬರೆದಿಲ್ಲ. ಬರೆದದ್ದು ಇಷ್ಟೇ:
ಮೂಲಂಗಿ ಚೆನ್ನಾಗಿ ಹೆಚ್ಚುತ್ತಾನೆ.

ವಿಹಾರದ ಹಿಂದೆ ಮೂರಾಳೆತ್ತರದ ಜಲಪಾತ.
ಬೆಳಗಿನ ಜಾವ ಸೊಂಟಕ್ಕೆ ಹಗ್ಗ ಬಿಗಿದು
ನೀರು ನೆತ್ತಿಗೇ ಬೀಳುವ ಕಡೆ ನಿಲ್ಲಿಸುತ್ತಿದ್ದರು.
ಭಿಕ್ಷು ರ್ಯೋಎನ್ ಮಂತ್ರ ಹೇಳುತ್ತ, ತಾನೂ ತೊಯ್ಯುತ್ತ.
ಕೆಲವರು ಶಾಂತರಾಗಿ ಹೊರಬಂದರು.
ಕೆಲವರು ಬರೀ ನೀಲಿಯಾಗಿ.
ಹಗ್ಗದ ಇನ್ನೊಂದು ತುದಿ ಹಿಡಿದವಳು ನನ್ನ ಅಜ್ಜಿ.
ಇದನ್ನು ಒರೆಸಿಹಾಕಿ ಕಥೆ ಹೇಳುವವಳಲ್ಲ ನಾನು.

ಅದೇ ಕೈ ಆಮೇಲೆ
ಅವನ ತಲೆ ಒರೆಸಿ ಒಲೆಯ ಪಕ್ಕ ಕೂರಿಸುತ್ತಿತ್ತು.
ನಾವು ಮಕ್ಕಳು ಅವನ ಬೆನ್ನೇರಿ ಶಾಲೆಗೆ ಹೋದೆವು.
ದಾರಿಯ ಒಂದೊಂದು ಕಲ್ಲಿಗೂ ಅವನು ಬಾಗುತ್ತಿದ್ದ,
ಬೆನ್ನ ಮೇಲಿದ್ದವರೂ ಬಾಗಲೇಬೇಕಲ್ಲ;
ದಿನವೂ ತಡ, ದಿನವೂ ಬೆತ್ತ.

ಯುದ್ಧ ಸೋತ ಐದನೇ ವರ್ಷ ಕಾನೂನು ಬಂತು:
ಇಂಥವರನ್ನು ಮನೆಗಳಲ್ಲಿ ಇಟ್ಟುಕೊಳ್ಳಕೂಡದು.
ಒಳ್ಳೆಯ ಕಾನೂನೇ. ಎಷ್ಟೋ ಊರುಗಳಲ್ಲಿ
ಹಿತ್ತಿಲ ಮರದ ಪಂಜರಗಳು ಬಾಗಿಲು ತೆರೆದವು.
ನಮ್ಮಲ್ಲಿ ಲಾರಿ ಬಂತು.

ಗುಡ್ಡದ ಆಚೆ ಆಸ್ಪತ್ರೆ.
ಒಂಬತ್ತನೇ ರಾತ್ರಿ ಹಿಂಬಾಗಿಲು ಸದ್ದಾಯಿತು.
ಕನ್‌ಸುಕೆ. ಬರಿಗಾಲು, ಪಟ್ಟೆ ಅಂಗಿ, ಹೆಗಲ ಮೇಲೆ ಹಿಮ.
"ನಾಳೆಗೆ ಕಾಳು ನೆನೆಹಾಕಿದಿರಾ?" ಎಂದ.
ಅಜ್ಜಿ ನೀರು ಕಾಯಿಸಿದಳು, ಕಾಲು ತೊಳೆದಳು,
ಕಾಳನ್ನು ಅವನ ಎದುರೇ ನೆನೆಹಾಕಿದಳು,
ಬೆಳಕು ಹರಿಯುವ ಮುನ್ನ ತಾನೇ ಕೈಹಿಡಿದು
ಹೋಗಿ ಒಪ್ಪಿಸಿ ಬಂದಳು.
ಆ ದಿನದ ಲೆಕ್ಕ: ಬಿಸಿನೀರು ಒಂದು ಬೋಗುಣಿ.
ಯಾರ ಹೆಸರಿಗೂ ಇಲ್ಲ.

ಮುಂದೆ ನಾನು ಆ ಆಸ್ಪತ್ರೆಯಲ್ಲೇ ದಾದಿಯಾದೆ.
ಅವನ ಕಡತದಲ್ಲಿ ಕಾಯಿಲೆಗೆ ಉದ್ದನೆಯ ಹೆಸರಿತ್ತು.
ಕೆಳಗೆ ಪೆನ್ಸಿಲಿನಲ್ಲಿ ಮೂಲಂಗಿಯ ಮಾತು ಸೇರಿಸಿದೆ,
ವೈದ್ಯರು ಕೇಳಿದರು, ಇದು ಯಾವ ಲಕ್ಷಣ?

ವಾರ್ಡಿನಲ್ಲಿ ಚಾಕು ಕೊಡುವಂತಿರಲಿಲ್ಲ.
ಸಂಜೆ ಊಟಕ್ಕೆ ಮುಂಚೆ
ಮಂಚದ ಅಂಚಿನ ಮೇಲೆ ಅವನ ಅಂಗೈ ಅಲಗಾಗಿ
ಏಳುತ್ತಿತ್ತು, ಇಳಿಯುತ್ತಿತ್ತು, ಒಂದೇ ಅಳತೆಯಲ್ಲಿ,
ತೆಳ್ಳಗೆ.