ತಳದ ಹಣ್ಣು

ಕ್ರೇಟಿನ ಮೇಲಿನ ಸಾಲನ್ನು
ಮುನಿನಂಜಪ್ಪ ನೋಡುವುದೇ ಇಲ್ಲ.
ಫೋಟೋಗೆ ನಿಂತವರ ಹಾಗೆ ನಗುವ ಆ ಕೆಂಪಿನ ನಡುವೆ
ಮೊಣಕೈವರೆಗೂ ತೋಳು ಇಳಿಸಿ
ತಳದಿಂದ ಒಂದು ಟೊಮೆಟೊ ಎತ್ತುತ್ತಾನೆ,
ಹೆಬ್ಬೆರಳಲ್ಲಿ ಒತ್ತುತ್ತಾನೆ.
ದರ ಕೂಗುವುದು ಆಮೇಲೆ.

ನಮ್ಮ ಕಂಪನಿ ಎಂದರೆ
ಕೋಲಾರದ ಕ್ಲಾಕ್ ಟವರ್ ಹಿಂದೆ, ಕನ್ನಡಕದ ಅಂಗಡಿಯ ಮೇಲೆ,
ಎರಡು ಮೇಜು, ನಾನು, ಸಾದಿಕ್.
ಹನ್ನೊಂದು ಮಂಡಿಗಳ ಲೆಕ್ಕ ನಮ್ಮ ಕೈಲಿ:
ಕ್ರೇಟು, ದರ, ಹಮಾಲಿ, ಕಮಿಷನ್, ಚೀಟಿ.
ಬರೆದಿದ್ದು ಓಡಿತಾ, ಸಾಕು, ಕೊಡು.
ಪರೀಕ್ಷೆ ಆಮೇಲೆ. ಸರಿಯಾದ ಹೆಸರಿಡುವುದು ಆಮೇಲೆ.
ಈ 'ಆಮೇಲೆ' ಎಂಬುವನು
ನಮ್ಮ ಮೂರನೇ ಪಾಲುದಾರ;
ಬಂಡವಾಳ ಹಾಕಲಿಲ್ಲ, ಬಡ್ಡಿ ಮಾತ್ರ ತಗೊಂಡ.

ಜುಲೈ. ಹಣ್ಣಿಗೆ ಒಳ್ಳೇ ದರ.
ಚೀಟಿ ಬರುವಾಗ ಕಾಗದ ಮುಗಿಯಿತು.
ಮಂಡಿಯ ರೈಟರ್ ಹೊಸ ರೋಲ್ ಹಾಕಿ ಮತ್ತೆ ಒತ್ತಿದ.
ನಲವತ್ತೆರಡು ಕ್ರೇಟು
ಎಂಬತ್ತನಾಲ್ಕಾಯಿತು.

ಕಂಡುಹಿಡಿದದ್ದು ನಾನಲ್ಲ, ಸಾದಿಕ್ ಅಲ್ಲ.
ವೇಮಗಲ್ ಕಡೆಯ ಪಾಪಕ್ಕ.
ಅಕ್ಷರ ಬಾರದು, ಅಂಕಿ ಬರುತ್ತದೆ.
ದುಡ್ಡನ್ನೂ ಚೀಟಿಯನ್ನೂ ಗಲ್ಲಾದ ಮೇಲಿಟ್ಟು
"ಟೆಂಪೋಗೆ ನಾನೇ ಎಣಿಸಿ ಹಾಕಿದ್ದು, ನಲವತ್ತೆರಡು.
ಮುಂದಿನ ವಾರ ಇದನ್ನ ಮುರ್ಕೊಂತೀರ,
ಜೊತೆಗೆ ಕಳ್ಳಿ ಅಂತೀರ.
ಈಗಲೇ ಸರಿ ಮಾಡಿ."

ನಾನು ಬರೆಯದೆ ಬಿಟ್ಟ ಪರೀಕ್ಷೆ
ಹವಾಯಿ ಚಪ್ಪಲಿ ಮೆಟ್ಟಿಕೊಂಡು
ಹತ್ತು ಮೈಲಿ ಬಸ್ಸಲ್ಲಿ ಬಂದಿತ್ತು.

ಅವಮಾನ ಸಾದಿಕ್‌ಗೆ ಹೆಚ್ಚು ತಟ್ಟಿತು.
ಹದಿನೆಂಟು ದಿನ ಹೊಸದೇನೂ ಬೇಡ ಎಂದ.
ಮುನ್ನೂರ ಹನ್ನೆರಡು ಪರೀಕ್ಷೆ ಬರೆದ.
ಪರದೆ ತುಂಬ ಹಸಿರು, ಸಸಿ ಮಡಿಯ ಹಾಗೆ.
ಬಟನ್ನಿನ ಬಣ್ಣಕ್ಕೊಂದು,
ಲೋಗೋ ಎಡಕ್ಕಿದೆಯೇ ಎಂಬುದಕ್ಕೊಂದು,
ಎರಡೂ ಎರಡೂ ನಾಲ್ಕೇ ತಾನೆ ಎಂದು ಕೇಳುವುದೊಂದು.
ನಾವು ಆ ಹಸಿರು ನೋಡುತ್ತ ಕೂತಾಗ
ಹನ್ನೆರಡನೆಯ ಮಂಡಿ ಬೇರೆಯವರ ಪಾಲಾಯಿತು.
ಕೆಳಗಿನ ಅಂಗಡಿಯ ಫಯಾಜ್ ಸಾಹೇಬರು ಮೆಟ್ಟಿಲು ಹತ್ತಿ ಬಂದು
ಬಾಡಿಗೆಯ ಮಾತೆತ್ತದೆ
ಬಿಸಿಲಿನ ಬಗ್ಗೆ ಮಾತಾಡಿ ಹೋದರು.

ಟೀ ಕುಡಿಯುತ್ತ ಮುನಿನಂಜಪ್ಪನನ್ನು ಕೇಳಿದೆ:
ಎಲ್ಲ ಕ್ರೇಟನ್ನೂ ಸುರಿದು ನೋಡಬಾರದಾ?
"ಸುರೀಬೋದಮ್ಮ. ಸಂಜೆಗೆ ಸಾಸ್ ಮಾರ್ಬೇಕಾಯ್ತದೆ."
ಮತ್ತೆ ಯಾವುದಕ್ಕೆ ಕೈ ಹಾಕೋದು?
ಲೋಟ ಕೆಳಗಿಟ್ಟ.
"ಗಾಡಿಗೆ ಹಿಂದಿನ ಚಕ್ರ ಇರ್ತದಲ್ಲ,
ಅದರ ಮೇಲೆ ಕೂತಿದ್ದ ಕ್ರೇಟು.
ರಸ್ತೆ ಗುಂಡಿಯೆಲ್ಲ ಮೊದಲು ತಿನ್ನೋದು ಅದೇ."

ಆ ರಾತ್ರಿ ಜಗಳವಾಡಿದೆವು,
ನಮ್ಮ ಚಕ್ರ ಎಲ್ಲಿದೆ ಎಂದು.
ಇನ್ನೂರಕ್ಕೂ ಹೆಚ್ಚು ಹಸಿರು ಅಳಿಸುವಾಗ
ಸಾದಿಕ್ ಮುಖ ನೋಡಲಾಗಲಿಲ್ಲ.
ಉಳಿದದ್ದರಲ್ಲಿ:
ರಾತ್ರಿ ಇಳಿದ ಲೋಡು, ಬೆಳಗ್ಗೆ ಕೂಗಿದ ದರ,
ನಡುವೆ ಸದ್ದಿಲ್ಲದೆ ಬದಲಾದ ತಾರೀಖು;
ಅರ್ಧ ಚೀಟಿಗೆ ಹೋದ ಕರೆಂಟು;
ಒಂದೇ ಊರಿನ ಇಬ್ಬರು ಪಾಪಕ್ಕಂದಿರು.
ಹೊಸದಾಗಿ ಒಂದನ್ನೇ ಬರೆದೆ,
'ನಲವತ್ತೆರಡು' ಎಂದು ಹೆಸರಿಟ್ಟೆ.

ಹಾಗಂತ ಎಲ್ಲ ಶುದ್ಧವಾಯಿತು ಅಂದುಕೊಳ್ಳಬೇಡಿ.
ಕಮಿಷನ್ ಕಳೆಯುವ ಕಡೆ
ಒಂಬೈನೂರು ಸಾಲಿನದೊಂದು ಗಂಟಿದೆ,
ಮೊದಲ ವರ್ಷ ನಾನೇ ಹಾಕಿದ್ದು.
'ತಾತ್ಕಾಲಿಕ ಮೂರು' ಎಂದು ಅದರ ಹೆಸರು.
ಒಂದು, ಎರಡು ಏನಾದವೋ ನೆನಪಿಲ್ಲ.
ಬಿಚ್ಚಲು ಹೆದರಿಕೆ. ನಡೆಯುತ್ತಿದೆಯಲ್ಲ.
ಅದು ಚಕ್ರದ ಮೇಲೇ ಕೂತಿದೆ ಎಂದು
ನನಗೂ ಗೊತ್ತು, ಸಾದಿಕ್‌ಗೂ ಗೊತ್ತು;
ಇಬ್ಬರೂ ಆಡುವುದಿಲ್ಲ.

ಇವತ್ತು ಅವನು
ಕಾಗದದ ರೋಲ್ ತರಲು ಮಾಲೂರಿಗೆ ಹೋಗಿದ್ದಾನೆ.
ಬೆಳಗಿನಿಂದ ಫೋನು ಬಡಿದುಕೊಂಡಿಲ್ಲ.
ಎಲ್ಲ ಸರಿ ಇದೆಯೋ,
ಹೇಳುವ ಪಾಪಕ್ಕ ಇನ್ನೂ ಬಸ್ಸು ಹತ್ತಿಲ್ಲವೋ.
ಆ ಕಡತ ತೆರೆದು
ಮೇಲಿನ ಸಾಲುಗಳನ್ನು ಓದದೆ
ನೇರ ತಳಕ್ಕೆ ಇಳಿಯುತ್ತಿದ್ದೇನೆ,
ಚೂಡಿದಾರದ ತೋಳು ಮಡಚಿಕೊಂಡು.