ಗುಡಿಸೋ, ಏತ್ವವೋ

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮ ಪ್ರೆಸ್ಸು.
ಇಪ್ಪತ್ತಾರು ವರ್ಷ ಕರಡು ತಿದ್ದಿದ್ದೇನೆ:
ಲಗ್ನಪತ್ರ, ಪಂಚಾಂಗ, ಸೊಸೈಟಿಯ ವರದಿ,
ಶಿವಗಣಾರಾಧನೆಯ ಕಾರ್ಡು.
ಯಾವ ಮಾತು ಯಾರದೆಂದು ಎಂದೂ ಕೇಳಿದವನಲ್ಲ,
ಕಾಗುಣಿತ ಸರಿಯಿದ್ದರೆ ಸಾಕಿತ್ತು.

ಆಮೇಲೆ ಹಾವೇರಿಯ ಮಾಸ್ತರೊಬ್ಬರು ತಂದರು
ವರದೆಯ ದಂಡೆಯ ಹಾಡಿನ ಕಟ್ಟು, ಜೊತೆಗೊಂದು ಕ್ಯಾಸೆಟ್ಟು.
ಬಾಳವ್ವನ ಹಾಡು. ಪಂಚಮಿಗೆ ಕರೆಯಲು ಅಣ್ಣ ಬಂದಿದ್ದಾನೆ,
ಹೊಳೆ ತುಂಬಿದೆ, ಅಂಬಿಗ ಬ್ಯಾಡಂದರೂ ಕೇಳಿಲ್ಲ.

    ಅಣ್ಣ ಬಂದಾನ ಕರಿಯಾಕ, ಹೊಳಿ ಬಂದೈತಿ ತಡಿಯಾಕ
    ಹರಗೋಲ ತಿರಗೈತಿ ಬುಗರ್ಯಾಂಗ, ನಡುನೀರಾಗ
    ಕೈ ಬಿಟ್ಟ

ಅಲ್ಲಿಗೆ ಮಾಸ್ತರ ಪೆನ್ನು ನಿಂತಿತ್ತು.
ಬರೀ ಟ್ಟ. ಪಕ್ಕದಲ್ಲಿ ಪೆನ್ಸಿಲ್ಲಿನಿಂದ:
ಗುಡಿಸೋ? ಏತ್ವವೋ?

ಕ್ಯಾಸೆಟ್ಟು ತಿರುವಿ ತಿರುವಿ ಕೇಳಿದೆ.
ಆ ಕೊನೆಯ ಸ್ವರ ಅವಳ ಗಂಟಲಲ್ಲೇ ಸುಳಿ ಸುತ್ತುತ್ತದೆ,
ಇ ಅಂದರೆ ಇ, ಎ ಅಂದರೆ ಎ.
ಹಿಂದೆ ಯಾವುದೋ ಕೋಳಿ, ಯಾರದೋ ಕೆಮ್ಮು.

ಪುಸ್ತಕದ ಕನ್ನಡಕ್ಕೆ ಈ ಚಿಂತೆಯಿಲ್ಲ:
ನಾನೂ ಬಿಟ್ಟೆ, ನೀನೂ ಬಿಟ್ಟೆ.
ನಮ್ಮ ಕಡೆ ಹಾಗಲ್ಲ. ನಾ ಬಿಟ್ಟೆ. ನೀ ಬಿಟ್ಟಿ.
ಅಕ್ಷರದ ತಲೆಯ ಮೇಲೆ ಒಂದು ಕೊಂಕು,
ಅಷ್ಟಕ್ಕೇ ತಪ್ಪಿತಸ್ಥ ಬದಲಾಗುತ್ತಾನೆ.

ಬಿಟ್ಟಿ, ತಂಗಿ ಅಂದಳಾದರೆ ಅಣ್ಣ ಹೇಡಿ.
ಬಿಟ್ಟೆ, ಅವನೇ ಅಂದನಾದರೆ ಸಾಯುವತನಕ ಅದೇ ಸಾಲು ಅವನ ಊಟದ ಕಲ್ಲು.
ಬಿಟ್ಟೆ ಎಂದು ತಂಗಿಯೇ ಅಂದಿದ್ದರೆ?
ಹರಗೋಲು ಹಗುರಾಗಲೆಂದು,
ಅವನ ಮನೆಯ ತೊಟ್ಟಿಲಲ್ಲಿ ಕೂಸಿದೆಯೆಂದು,
ತಾನೇ ಕೈ ಸಡಿಲಿಸಿದ್ದರೆ?
ಬಿಟ್ಟಿ ಎಂದು ಅಣ್ಣ ಅಂದದ್ದೂ ಇರಬಹುದು. ಅದು
ಒಬ್ಬನೇ ದಂಡೆಗೆ ಬಂದವನು ಅವ್ವನ ಮುಂದೆ ಹೇಳುವ ಮಾತು.

ಒಂದು ಆದಿತ್ಯವಾರ ಬಸ್ಸು ಹಿಡಿದು ಹೋದೆ.
ಫಕೀರವ್ವ ಅಂಗಳದಲ್ಲಿ ಕುಂತು
ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು,
ಕೇಜಿಗೆ ಇಷ್ಟು ಎಂದು ಕೂಲಿ.
ಘಾಟಿಗೆ ಕಣ್ಣೀರು ಬಂದದ್ದು ನನಗೆ, ಅವಳಿಗಲ್ಲ.
ಅವ್ವಾ, ಆ ಸಾಲು ಯಾರದು?
‘ಯಾರದಂದ್ರ? ಹಾಡಾಕೀದು.’
ಅಲ್ಲ, ಹಾಡಿನೊಳಗೆ, ಹೇಳೋರು ಯಾರು?
‘ಮುಳಗಿದಾಕಿ ಹಾಡಂಗಿಲ್ಲ, ದಾಟಿದಾಂವಗ ಬಾಯಿ ಬರಂಗಿಲ್ಲ.
ಉಳದಾಕಿ ನಾನ ಅಲ್ಲೇನು?’
ಮತ್ತೆ ಎರಡು ಸಲ ಹಾಡಿದಳು.
ಒಮ್ಮೆ ಬಿಟ್ಟೆ. ಒಮ್ಮೆ ಬಿಟ್ಟಿ.
ತೊಟ್ಟು ಮುರಿಯುವ ಕೈ ನಿಲ್ಲಲಿಲ್ಲ.
ನಾನು ಏಳುವಾಗ ಅಂದಳು:
‘ನಿನಗ ತಂಗಿ ಅದಾಳೇನೋ ತಮ್ಮಾ?’
ಬಸ್ಸಿಗೆ ಹೊತ್ತಾಯಿತು ಅಂದೆ.

ಕಸ್ತೂರೆವ್ವ ಒಮ್ಮೆ ಪ್ರೆಸ್ಸಿನ ಬಾಗಿಲಿಗೆ ಬಂದಿದ್ದಳು.
ಕೈಯಲ್ಲಿ ವೈರಿನ ಚೀಲ, ಕಿವಿಯ ಹಿಂದೆ ಒಣಗಿದ ರಕ್ತ.
ಲಗ್ನದ ಸೀಸನ್ನು, ಮೇಜಿನ ಮೇಲೆ ನಲವತ್ತು ಪತ್ರ.
ಚಹಾ ಕುಡಿಸಿದೆ. ಹೊಂದಿಕೊಂಡು ಹೋಗಬೇಕವ್ವಾ ಅಂದೆ.
ಅಣ್ಣಿಗೇರಿ ಬಸ್ಸು ಹತ್ತಿಸಿ,
ಕಿಟಕಿಯ ಸರಳಿನೊಳಗಿಂದ ಬಂದು
ನನ್ನ ಅಂಗಿಯ ತೋಳು ಹಿಡಿದ ಬೆರಳುಗಳನ್ನು
ಒಂದೊಂದಾಗಿ ಬಿಡಿಸಿದೆ. ಕಂಡಕ್ಟರು ಸೀಟಿ ಊದಿದ.

ಅವಳ ಕಾರ್ಡನ್ನೂ ನಾನೇ ತಿದ್ದಿದೆ.
ಒಂದೂ ತಪ್ಪಿರಲಿಲ್ಲ.

ಪುಸ್ತಕ ಬಂದಿದೆ. ನಲವತ್ತೊಂದನೆಯ ಪುಟದಲ್ಲಿ ಗುಡಿಸು;
ಮಾಸ್ತರು ಹಾಗೇ ಹೇಳಿ ಕಳಿಸಿದ್ದರು, ಕೂಡಿಸಿದೆವು.
ಕೊನೆಯ ಹಾಳೆಯಲ್ಲಿ ತಪ್ಪು ಒಪ್ಪುಗಳ ಪಟ್ಟಿ,
ಅದನ್ನು ಯಾರೂ ಓದುವುದಿಲ್ಲ.
ಯಾರನ್ನೂ ಕೇಳದೆ ಅದರಲ್ಲೊಂದು ಸಾಲು ಸೇರಿಸಿದ್ದೇನೆ:

ಪುಟ ೪೧, ಸಾಲು ೯.
ತಪ್ಪು: ಬಿಟ್ಟಿ.
ಒಪ್ಪು: ಬಿಟ್ಟೆ.